ಮಣ್ಣು ಕೊಟ್ಟು ತಂದ ಗಿಡಗಳು

ಕರಿಬಸವರಾಜನ ಮನೆಗೆ ನೆರಳಿರಲಿಲ್ಲ.

ಹಳೇ ಪೇಟೆಯ ಇಕ್ಕಟ್ಟು ಸಾಕೆಂದು ಅವನ ತಂದೆ ದಾವಣಗೆರೆಯ ಹೊರಗೆ, ಹತ್ತಿ ಗಿರಣಿಗಳ ಬೆನ್ನಿಗೆ ಕಟ್ಟಿಸಿದ ಮನೆ ಅದು. ದಪ್ಪ ಗೋಡೆ, ತೇಗದ ಕಂಬ, ಮಂಗಳೂರು ಹೆಂಚು, ಎಲ್ಲ ಇತ್ತು. ಆದರೆ ಹಿತ್ತಲಿಗೆ ತಾಗಿಕೊಂಡೇ ಒಂದು ಗಿರಣಿಯ ತಗಡಿನ ಗೋದಾಮು ನಿಂತಿತ್ತು. ಶಿವರಾತ್ರಿ ಕಳೆದದ್ದೇ ಆ ತಗಡು ಕಾಯಲು ಶುರುವಾಗುತ್ತಿತ್ತು. ಅದರ ಝಳ ಹಿತ್ತಲು ದಾಟಿ, ಅಡುಗೆಮನೆ ದಾಟಿ, ದೇವರ ಕೋಣೆಯವರೆಗೆ ಬಂದು ಕೂರುತ್ತಿತ್ತು. ತಡೆಯಲು ನಡುವೆ ಒಂದೂ ಗಿಡವಿರಲಿಲ್ಲ.

ಗಿಡ ಬೇಕಾಗಿದ್ದದ್ದು ಅಂದಕ್ಕಲ್ಲ, ಮಗಳಿಗೆ. ಸತ್ತ ಮುತ್ತಜ್ಜಿಯ ಹೆಸರಿಟ್ಟು ಬಸವಣ್ಣೆಮ್ಮ ಅಂತ ತೊಟ್ಟಿಲಿಗೆ ಹಾಕಿದ್ದರು. ಕರೆಯುವುದು ಬಸಣ್ಣಿ ಅಂತ. ಐದು ವರ್ಷ. ಬಿಸಿಲು ಏರಿದರೆ ಹುಡುಗಿಯ ಮೈ ಕಾಯುತ್ತಿತ್ತು. ಮೈ ಕಾದರೆ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಸೆಟೆಯುತ್ತಿದ್ದವು. ಹಿಂದಿನ ಬೇಸಿಗೆಯಲ್ಲಿ ಒಂದು ಸಲ ಉಸಿರೇ ನಿಂತು, ಹೆಂಡತಿ ಗುರುಶಾಂತಮ್ಮ ಬಾಯಿಗೆ ಬಾಯಿ ಇಟ್ಟು ಊದಿ ಬದುಕಿಸಿಕೊಂಡಿದ್ದಳು. ಇದಕ್ಕೆ ಮುಂಚೆ ಎರಡು ಕೂಸು ಹುಟ್ಟಿ ತಿಂಗಳು ತುಂಬುವುದರೊಳಗೆ ಹೋಗಿದ್ದವು. ಉಳಿದದ್ದು ಇದೊಂದೇ.

"ಔಷಧಿ ನಾನು ಬರೀತೀನಿ," ಎಂದು ಡಾಕ್ಟರು ಹೇಳಿದ್ದರು. "ಆದರೆ ಆ ತಗಡಿನ ಪಕ್ಕದಾಗೆ ಕೂಸಿನ್ನ ಹುರಿಯೋದು ನೀವು ಬಿಡಬೇಕು. ಗಿಡ ಹಚ್ಚಿ ನೆರಳು ಮಾಡ್ರಿ. ಇಲ್ಲಾ ಮನೆ ಬಿಡ್ರಿ."

ಮನೆ ಬಿಡುವ ಮಾತಿರಲಿಲ್ಲ. ಕರಿಬಸವರಾಜ ಗಿಡಕ್ಕೆ ಬಿದ್ದ. ಸರ್ಕಾರಿ ಫಾರಮ್ಮಿನಿಂದ ಹೊಂಗೆ ತರಿಸಿದ. ಹತ್ತಿರದ ಬಾತಿ ಊರಿನ ತೋಟಗಾರನೊಬ್ಬನಿಂದ ನುಗ್ಗೆ, ಬಾದಾಮಿ. ಬೆಂಗಳೂರಿನಿಂದ ರೈಲಿನಲ್ಲಿ ಪಾರ್ಸೆಲ್ ಬಂದ ಸಂಪಿಗೆ. ಎಲ್ಲವೂ ಸತ್ತವು. ಒಣಗಿ ಸಾಯಲಿಲ್ಲ, ನೀರಿದ್ದಂತೆಯೇ ತುದಿಯಿಂದ ಕಪ್ಪಾಗುತ್ತ ಬಂದು, ಬುಡದವರೆಗೆ ಕಪ್ಪಾಗಿ ನಿಂತವು. ಕೊನೆಗೆ ಬೇವು ನೆಟ್ಟ. ಅದೂ ಸತ್ತಾಗ ಹತ್ತಿ ಮಾರ್ಕೆಟ್ಟಿನಲ್ಲಿ ಜನಕ್ಕೆ ಮಾತಾಡಲು ಒಂದು ವಿಷಯ ಸಿಕ್ಕಿತು.

"ಕರಿಬಸಣ್ಣ, ಕಳ್ಳಿ ಹಚ್ಚು. ಅದೂ ಸತ್ರೆ ನಾವೆಲ್ಲ ಬಂದು ನೋಡ್ತೀವಿ."

"ಟಿಕೇಟು ಇಡಪ್ಪ. ದಲಾಲಿಗಿಂತ ಜಾಸ್ತಿ ಹುಟ್ಟುತೈತೆ."

ಅವನು ನಕ್ಕು ಸುಮ್ಮನಾಗುತ್ತಿದ್ದ. ದಲಾಲಿ ಅಂಗಡಿಯವನಿಗೆ ನಗುವುದು ಕೆಲಸದ ಒಂದು ಭಾಗ.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷದ ಬೇಸಿಗೆ. ಗುರುಶಾಂತಮ್ಮ ಮಗಳನ್ನು ಕರೆದುಕೊಂಡು ತವರಾದ ಮಾಯಕೊಂಡಕ್ಕೆ ಹೋಗಿದ್ದಳು. ಅಲ್ಲಿ ಮನೆಯ ಮುಂದೆ ಎರಡು ಹುಣಸೆ ಮರವಿದ್ದವು. ಅಂಗಡಿಗೆ ಅರಳೆ ಒಯ್ಯಲು ಬಂದ ಹಾಸಿಗೆ ಹೊಲಿಯುವ ಹಯಾತ್ ಸಾಬ್, ತಕ್ಕಡಿ ನಿಲ್ಲುವುದನ್ನು ನೋಡುತ್ತ ಕೇಳಿದ:

"ಸಾವ್ಕಾರ್ರ, ಊರೂರಿಂದ ಗಿಡ ತರಿಸಿದ್ರಂತೆ. ಹರಿಹರ ಯಾಕ ಬಿಟ್ರಿ?"

"ಹರಿಹರದಾಗೆ ಏನೈತೆ?"

"ಹೊಳೆ ದಂಡ್ಯಾಗೆ, ಸೇತುವೆಗಿಂತ ಸ್ವಲ್ಪ ಮ್ಯಾಲೆ, ಉಡಚಮ್ಮ ಅಂತ ಒಬ್ಬಾಕಿ ಸಸಿ ತೋಟ ಮಾಡ್ಯಾಳೆ. ಆಕಿ ಕೊಟ್ಟ ಗಿಡ ಸತ್ತಿದ್ದು ನಾ ಕಂಡಿಲ್ಲ. ನಮ್ಮ ಮಸೂತಿ ಮುಂದಿನ ನೇರಳೆ ಆಕೀದೇ."

"ಬಾಳ ತಗಂತಾಳೇನು?"

"ರೊಕ್ಕ ಕಮ್ಮಿ. ಬ್ಯಾರೆ ಒಂದು ಕೇಳ್ತಾಳೆ. ನಾ ಹೇಳಿದ್ರೆ ನಗ್ತೀರಿ. ಆಕಿ ಬಾಯಾಗೇ ಕೇಳ್ರಿ."

ಮಾರನೆಯ ದಿನವೇ ಕರಿಬಸವರಾಜ ಬಸ್ಸು ಹತ್ತಿದ.

ಹರಿಹರದಲ್ಲಿ ಹೊಳೆ ಸಣ್ಣಗಾಗಿ ನಡುವೆ ಮಾತ್ರ ಹರಿಯುತ್ತಿತ್ತು. ದಂಡೆಯ ಮೇಲೆ ಜಾಲಿಯ ಬೇಲಿ ಹಾಕಿದ ತೋಟ, ಅದರೊಳಗೆ ಒಂದು ಗುಡಿಸಲು. ಗುಡಿಸಲ ಮುಂದೆ ಕಟ್ಟಿದ ಹಸು. ಮಿಕ್ಕದ್ದೆಲ್ಲ ಪಾತಿಗಳು. ಒಳಗೆ ಹೆಜ್ಜೆ ಇಟ್ಟವನಿಗೆ ಮೊದಲು ಕಂಡದ್ದು ಬಣ್ಣ. ಒಂದು ಪಾತಿಯ ಮಣ್ಣು ಕೆಂಪು, ಪಕ್ಕದ್ದು ಬೂದಿ ಬಣ್ಣ, ಅದರಾಚೆಯದು ಎರೆಗಪ್ಪು, ಮತ್ತೊಂದು ಸುಣ್ಣದಂತೆ ಬಿಳಿ. ಒಂದೇ ಹೊಳೆಯ ದಂಡೆಯಲ್ಲಿ ಅಷ್ಟು ಬಗೆಯ ಮಣ್ಣು ಇರಲು ಸಾಧ್ಯವಿರಲಿಲ್ಲ. ಎರಡನೆಯದಾಗಿ ಕಂಡದ್ದು ಸಸಿಗಳು ವಾಲಿದ ರೀತಿ. ಒಂದು ಪಾತಿಯ ಸಸಿಗಳೆಲ್ಲ ಪೂರ್ವಕ್ಕೆ ವಾಲಿದ್ದವು, ಪಕ್ಕದ ಪಾತಿಯವು ದಕ್ಷಿಣಕ್ಕೆ, ಇನ್ನೊಂದರವು ನದಿಯಾಚೆಗೆ. ಸೂರ್ಯ ನೆತ್ತಿಯ ಮೇಲಿದ್ದ. ಗಾಳಿ ಇರಲಿಲ್ಲ. ಅಷ್ಟು ಹಸಿರಿನಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

"ಬರ್ರಿ, ಕೂಡ್ರಿ. ಕೂಡ್ರಾಕೆ ಕಲ್ಲು ಐತೆ. ಸುಟ್ರೆ ನಿಂತೇ ಮಾತಾಡ್ರಿ."

ಸೀಮೆಎಣ್ಣೆ ಡಬ್ಬಿಯಿಂದ ನೀರು ಹಾಕುತ್ತಿದ್ದ ಹೆಂಗಸು ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಐವತ್ತರ ಆಸುಪಾಸು. ಕಚ್ಚೆ ಹಾಕಿದ ಸೀರೆ, ದವಡೆಯಲ್ಲಿ ತಂಬಾಕು. ಅವನು ನಿಂತೇ ಕತೆ ಹೇಳಿದ. ಯಾವ ಗಿಡ ಹೇಗೆ ಸತ್ತಿತು ಅಂತ ಅವಳು ಒಂದೊಂದಾಗಿ ಕೇಳಿದಳು, ಮದುವೆಗೆ ಮುಂಚೆ ಮನೆತನ ವಿಚಾರಿಸುವಂತೆ.

"ನಿಮ್ಮ ಮಣ್ಣು ಕೆಟ್ಟದ್ದಲ್ಲ ಸಾವ್ಕಾರ್ರ, ಬಿಗುವಿನದು. ಹೊರಗಿನೋರನ್ನ ಒಳಗೆ ಬಿಟ್ಕಳಲ್ಲ. ನೀವು ನಮ್ಮನಿಗೆ ಒಂದು ಗಾಡಿ ಮಣ್ಣು ತರ್ರಿ, ನಿಮ್ಮ ಹಿತ್ತಲಿಂದೇ. ನಾ ಅದರಾಗೆ ಪಾತಿ ಮಾಡಿ ಸಸಿ ಇಡ್ತೀನಿ. ಬೇರು ನಿಮ್ಮ ಮಣ್ಣು ಉಂಡು ಬಲೀಲಿ. ಆಮ್ಯಾಲೆ ಒಯ್ದು ನೆಡ್ರಿ. ನೆಂಟರು ಬಂದಂಗಲ್ಲ, ಮನಿ ಮಗಳು ತಿರುಗಿ ಬಂದಂಗಿರ್ತೈತೆ."

"ನಾಕೈದು ಗಿಡಕ್ಕೆ ಒಂದು ಗಾಡಿ ಮಣ್ಣೇ?"

"ಉಳಿದಿದ್ದು ನಂದು. ಅದಕ್ಕೇ ಗಿಡ ಸಸ್ತಾ ಕೊಡ್ತೀನಿ."

ಕರಿಬಸವರಾಜನಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಒಂದು ಸೀಮೆಯ ಹತ್ತಿ ಬೀಜ ಇನ್ನೊಂದು ಸೀಮೆಯಲ್ಲಿ ಏಳುವುದಿಲ್ಲ ಅನ್ನುವುದು ಅವನೇ ದಿನಾ ನೋಡುವ ಸಂಗತಿ. ಹೆಂಗಸು ಬುದ್ಧಿವಂತೆ ಅನಿಸಿತು.

"ಈ ಸಸಿ ಯಾಕೆ ಹಿಂಗೆ ವಾಲ್ಯಾವೆ?" ಎಂದು ಕೇಳಿದ.

"ಅವರವರ ಮಣ್ಣು ಬಂದ ಕಡಿಗೆ." ಅವಳು ತಂಬಾಕು ಉಗಿದಳು. "ಕೆಂಪಂದು ನಿಮ್ಮ ಮಾಯಕೊಂಡದ ಕಡೀದು. ಬಿಳೇದು ರಾಣೆಬೆನ್ನೂರು. ಒಯ್ದು ನೆಟ್ಟ ಮ್ಯಾಲೆ ನೆಟ್ಟಗಾಗ್ತಾವೆ. ನೀವು ಮಣ್ಣು ತೆಗೆಯೋವಾಗ ಮೆತ್ತಗಿರೋ ಕಡೆ ತೆಗೀರಿ, ಹೆಂಟೆ ತಂದ್ರೆ ಒಡಕಂತ ಕುಂದ್ರಾಕಿ ನಾನಲ್ಲ. ಮತ್ತೆ ಮನಿ ಹೆಣ್ಮಕ್ಕಳನ್ನ ಕೇಳಿ ತೆಗೀರಿ."

ಹೆಂಗಸರು ಹಾಕಿಕೊಂಡ ಮೆಣಸಿನ ಗಿಡವೋ ಕೊತ್ತಂಬರಿ ಮಡಿಯೋ ಹಾಳಾದೀತು ಅಂತ ಹೇಳುತ್ತಿದ್ದಾಳೆ ಅಂದುಕೊಂಡ. ಅವನ ಹಿತ್ತಲಲ್ಲಿ ಅಂಥದ್ದೇನೂ ಬದುಕಿರಲಿಲ್ಲ. ಹಾಗಾಗಿ ಕೇಳುವ ಅಗತ್ಯವಿರಲಿಲ್ಲ.

ಅಂಗಡಿಯ ಹಮಾಲಿ ಅಂಜಿನಪ್ಪನಿಗೆ ಸ್ವಂತ ಗಾಡಿ ಎತ್ತು ಇದ್ದವು. ಅವನು ಬೆಳಿಗ್ಗೆಯೇ ಬಂದು ಹಾರೆ ಹಾಕಿದ. ಹಿತ್ತಲ ಮಣ್ಣು ಬಿಸಿಲಿಗೆ ಬಿರುಕುಬಿಟ್ಟು ಕಲ್ಲಾಗಿತ್ತು. ಹಾರೆ ಟಣ್ ಅಂದು ಹಿಂದಕ್ಕೆ ಬರುತ್ತಿತ್ತು. ಬಚ್ಚಲ ಗೋಡೆಯ ಹಿಂದಿನ ಮೂಲೆ ಒಂದೇ ಮೆತ್ತಗಿತ್ತು. ಅಲ್ಲಿ ಮಣ್ಣು ಕಪ್ಪಗೆ, ಎಣ್ಣೆ ಹಾಕಿ ನಾದಿದ ಹಿಟ್ಟಿನ ಹಾಗೆ, ಸಲಿಕೆಗೆ ತಾನಾಗಿ ಬಂತು. ಅಂಜಿನಪ್ಪ ಖುಷಿಯಾಗಿ ತುಂಬುತ್ತ ಹೋದ. ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಅದನ್ನು ಎತ್ತಿ ಆಚೆ ಇಟ್ಟ. ಆಮೇಲೆ ಸಲಿಕೆ ತಡೆದು ನಿಂತ.

"ಇಲ್ಲೊಂದು ಗಡಿಗೆ ಐತ್ರಿ, ಸಾವ್ಕಾರ್ರ. ಬಾಯಿ ಕಟ್ಯಾರೆ."

ಕರಿಬಸವರಾಜ ಬಗ್ಗಿ ನೋಡಿದ. ಅಂಗೈಯಗಲದ ಬಾಯಿಯ ಕರಿ ಗಡಿಗೆ. ಕಟ್ಟಿದ ಬಟ್ಟೆ ಕೊಳೆತು ಮಣ್ಣೇ ಆಗಿತ್ತು. ಒಳಗೂ ಮಣ್ಣೇ.

"ಅಪ್ಪಾಜಿ ಕಾಲದ್ದು ಏನೋ ಇರಬೇಕು. ಹಾಕು."

"ಅಮ್ಮಾರ್ನ ಕೇಳಿ ಹಾಕಾನೇನ್ರಿ? ಗಡಿಗೆ ಹೂಳೋರು ಸುಮ್‌ಸುಮ್ನೆ ಹೂಳಲ್ಲ."

"ಅಮ್ಮಾರು ಮಾಯಕೊಂಡದಾಗೆ ಕುಂತಾರೆ. ನಿಧಿ ಗಿಧಿ ಇದ್ರೆ ನೀನೇ ಇಟ್ಕೋ, ಬಿಸಿಲು ಏರ್ತೈತೆ, ಹೊಡಿ ಗಾಡಿ."

ಅಂಜಿನಪ್ಪ ಗಡಿಗೆಯನ್ನು ಅಲ್ಲಾಡಿಸಿ ನೋಡಿ, ಸದ್ದು ಬಾರದ್ದರಿಂದ ನಿರಾಸೆಯಾಗಿ, ಮಣ್ಣಿನ ಜೊತೆಗೇ ಗಾಡಿಗೆ ಹಾಕಿದ.

ಎರಡು ದಿನ ಬಿಟ್ಟು ಕರಿಬಸವರಾಜ ಹೆಂಡತಿ ಮಗಳನ್ನು ನೋಡಲು ಮಾಯಕೊಂಡಕ್ಕೆ ಹೋದ. ಬಾಗಿಲಲ್ಲೇ ಗುರುಶಾಂತಮ್ಮ ನಗುತ್ತ ನಿಂತಿದ್ದಳು. ಬೇಸಿಗೆಯಲ್ಲಿ ಅವಳು ನಕ್ಕದ್ದನ್ನು ಅವನು ಮರೆತೇಬಿಟ್ಟಿದ್ದ.

"ಮೈ ಮುಟ್ಟಿ ನೋಡ್ರಿ," ಎಂದಳು.

ಹುಡುಗಿಯ ಹಣೆ ತಣ್ಣಗಿತ್ತು. ಕತ್ತು ತಣ್ಣಗಿತ್ತು. ಹೊರಗೆ ಕಲ್ಲು ಸುಡುತ್ತಿದ್ದ ಮಟಮಟ ಮಧ್ಯಾಹ್ನ, ಅವಳ ಅಂಗೈ ಈಗತಾನೇ ಕೊಡಕ್ಕೆ ಅದ್ದಿ ತೆಗೆದಂತಿತ್ತು.

"ನೀವು ಹೋದ್ ಸಲ ತಂದ ಔಷಧಿ ಹಿಡೀತು ಅಂತ ಕಾಣ್ತೈತೆ. ಮೊನ್ನೆಯಿಂದ ಬಿಸಿ ಅನ್ನೋದೇ ಇಲ್ಲ. ನೀರು ಮಾತ್ರ ಬಾಳ ಕುಡೀತಾಳೆ."

ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಪಾದಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು, ಹೊಳೆಯಲ್ಲಿ ಹೊತ್ತು ನಿಂತವರ ಪಾದದಂತೆ. "ನೀರಾಗೆ ಆಡಿದ್ಯೇನೇ?" ಎಂದು ಕೇಳಿದ. ಇಲ್ಲ ಅಂತ ತಲೆಯಾಡಿಸಿದಳು. ಅವಳು ಎದ್ದುಹೋದ ಮೇಲೆ ನೋಡಿದರೆ ಅವನ ಪಂಚೆಯ ಮೇಲೆ ಒದ್ದೆ ಗುರುತು. ಕೂಸು ಉಚ್ಚೆ ಹೊಯ್ದುಕೊಂಡಿರಬೇಕು ಅಂದುಕೊಂಡ. ಮೂಸಿ ನೋಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳುವ ಹಾಗಿರಲಿಲ್ಲ. ಜ್ವರವಿರಲಿಲ್ಲ, ಅದು ದೊಡ್ಡದು.

ಉಡಚಮ್ಮ ಹೇಳಿದ ಹೊತ್ತಿಗೆ ಸಸಿ ಕೊಟ್ಟಳು: ಎರಡು ಹೊಂಗೆ, ಒಂದು ಬೇವು, ಒಂದು ನುಗ್ಗೆ, ಒಂದು ಬಿಲ್ವ. ಹಿತ್ತಲಲ್ಲಿ ನೆಟ್ಟ ವಾರದೊಳಗೆ ಹೊಸ ಚಿಗುರು ಬಿಟ್ಟವು. ಆಮೇಲೆ ಬೆಳೆದ ಪರಿ ನೋಡಿ ಮಾರ್ಕೆಟ್ಟಿನವರು ನಿಜವಾಗಿಯೂ ನೋಡಲು ಬಂದರು. ಕಾರಹುಣ್ಣಿಮೆಯ ಹೊತ್ತಿಗೆ ನುಗ್ಗೆ ಕಾಂಪೌಂಡಿನ ಎತ್ತರಕ್ಕೆ ಬಂದಿತ್ತು. ಹಬ್ಬಕ್ಕೆ ಅಂತ ಗುರುಶಾಂತಮ್ಮ ಮಗಳನ್ನು ಕರೆದುಕೊಂಡು ಊರಿಗೆ ಬಂದಳು.

ಬಸಣ್ಣಿ ಹೊಸ್ತಿಲ ಮುಂದೆ ನಿಂತಳು. ಒಳಗೆ ಬರಲಿಲ್ಲ.

"ಇದು ಯಾರ ಮನಿ, ಅಪ್ಪಾಜಿ?"

"ನಮ್ಮನಿ. ಎರಡು ತಿಂಗಳಿಗೇ ಮರ್ತುಬಿಟ್ಯಾ?"

"ನಮ್ಮನಿಗೆ ಹೋಗಾಣ."

"ನಮ್ಮನಿಗೇ ಬಂದೀವಿ."

"ಇದಲ್ಲ." ಹುಡುಗಿ ಕೈ ಎತ್ತಿ ಪಡುವಣಕ್ಕೆ ತೋರಿಸಿದಳು. "ಅಲ್ಲಿ."

ಹಠ ಅಂದುಕೊಂಡರು. ಎತ್ತಿಕೊಂಡು ಒಳಗೆ ಹೋದರು. ಅಂದು ಸಂಜೆ ಕರಿಬಸವರಾಜ ಆಟವಾಡಿಸುವ ನೆಪದಲ್ಲಿ ಮಗಳ ಕಣ್ಣು ಮುಚ್ಚಿ ಗಿರಗಿರನೆ ತಿರುಗಿಸಿದ. ಬಿಟ್ಟಾಗ ಅವಳು ತಲೆ ತಿರುಗಿ ತೂರಾಡುತ್ತ, ಕಣ್ಣು ಮುಚ್ಚಿದಂತೆಯೇ ಪಡುವಣ ಗೋಡೆಗೆ ಮುಖ ಮಾಡಿ ನಿಂತಳು. ಇನ್ನೊಮ್ಮೆ ತಿರುಗಿಸಿದ. ಮತ್ತೆ ಅದೇ ಗೋಡೆ. ಮೂರನೆಯ ಸಲ ತಿರುಗಿಸಲು ಅವನಿಗೆ ಮನಸ್ಸಾಗಲಿಲ್ಲ.

ಮಲಗಿಸಿದ ಕಡೆ ಬೆಳಿಗ್ಗೆ ಇರುತ್ತಿರಲಿಲ್ಲ. ಉರುಳಿ ಉರುಳಿ ಪಡುವಣ ಗೋಡೆಗೆ ಒತ್ತಿಕೊಂಡಿರುತ್ತಿದ್ದಳು. ನಡೆಯುವಾಗ ಒಂದು ಕಡೆಗೆ ವಾಲುತ್ತಿದ್ದಳು. ಹಿತ್ತಲ ಗಿಡಗಳು ನೆಟ್ಟಗೆ ನಿಂತಿದ್ದವು. ವಾಲುತ್ತಿದ್ದದ್ದು ಹುಡುಗಿ.

ಗುರುಶಾಂತಮ್ಮ ಬಚ್ಚಲಿಗೆ ಸೌದೆ ತರಲು ಹಿಂದಕ್ಕೆ ಹೋದವಳು ಬರಿಗೈಯಲ್ಲಿ ಬಂದಳು.

"ಏನ್ರಿ, ಬಚ್ಚಲ ಹಿಂದಿನ ಮೂಲೆ ಯಾರು ಅಗೆದ್ರು?"

"ಅಂಜಿನಪ್ಪ. ಗಿಡಕ್ಕೆ ಮಣ್ಣು ಬೇಕಾಗಿತ್ತು."

"ಅಲ್ಲೊಂದು ಗಡಿಗೆ ಇತ್ತಲ್ಲ?"

"ಇತ್ತು. ಒಳಗೆ ಏನೂ ಇರಲಿಲ್ಲ, ಬರೇ ಮಣ್ಣು. ಯಾಕ?"

ಅವಳು ಅಲ್ಲೇ ಪಡಸಾಲೆಯ ಕಂಬ ಹಿಡಿದು ಕೂತಳು. ಆಮೇಲೆ ಹೇಳಿದಳು. ಬಸಣ್ಣಿ ಹುಟ್ಟಿದಾಗ ಅವನು ಹುಬ್ಬಳ್ಳಿಗೆ ಹತ್ತಿ ನೋಡಲು ಹೋಗಿದ್ದ. ಮೊದಲೆರಡು ಹೆರಿಗೆ ತವರಲ್ಲಿ ಆಗಿ ಕೂಸು ದಕ್ಕಲಿಲ್ಲವೆಂದು, ಆಗಿನ್ನೂ ಬದುಕಿದ್ದ ಅವನ ತಾಯಿ ಹಟ ಹಿಡಿದು ಮೂರನೆಯದನ್ನು ಇದೇ ಮನೆಯಲ್ಲಿ ಮಾಡಿಸಿದ್ದಳು. ಸೂಲಗಿತ್ತಿ ತಿಮ್ಮವ್ವ ಕೂಸಿನ ಹೊಕ್ಕುಳಬಳ್ಳಿ ಅಂಟಿದ್ದ ಮಾಸನ್ನು ಗಡಿಗೆಗೆ ಹಾಕಿ, ಅರಿಶಿನ ಕುಂಕುಮ ಇಟ್ಟು, ಬಾಯಿ ಕಟ್ಟಿ, ಆ ಮೂಲೆಯಲ್ಲಿ ಹೂತಿದ್ದಳು. ಮೇಲೆ ಕಲ್ಲು ಮುಚ್ಚಿದ್ದರು. ಬಾಣಂತಿ ಮಿಂದ ನೀರನ್ನೆಲ್ಲ ಅದರ ಮೇಲೆಯೇ ಹುಯ್ದದ್ದು.

"ನಿಮ್ಮವ್ವ ಆ ಕಲ್ಲಿನ ಮ್ಯಾಲೆ ಕೈಯಿಟ್ಟು ಏನಂದ್ರು ಗೊತ್ತೇನ್ರಿ? ಅವೆರಡಕ್ಕೆ ಹಿಡ್ಕಳಾಕೆ ಏನೂ ಇರಲಿಲ್ಲ, ಹೋದ್ವು. ಇದು ಈ ಮಣ್ಣು ಕಚ್ಚಿಕೊಂಡು ಇರ್ಲಿ ಅಂದ್ರು."

"ನನಗೆ ಯಾರೂ ಹೇಳಲಿಲ್ಲ."

"ನೀವು ಯಾವತ್ತು ಕೇಳಿದ್ರಿ?"

ಅದು ನಿಜ. ಹೆರಿಗೆ ಕೋಣೆಯಿಂದ ಹೊರಬಿದ್ದದ್ದು ಎಲ್ಲಿಗೆ ಹೋಗುತ್ತದೆಂದು ಆ ಮನೆಯಲ್ಲಿ ಯಾವ ಗಂಡಸೂ ಕೇಳಿದ್ದಿಲ್ಲ. ಕೇಳುವುದು ಗಂಡಸಿನ ಲಕ್ಷಣವೂ ಅಲ್ಲ ಅಂದುಕೊಂಡಿದ್ದರು.

ಮಾರನೆಯ ದಿನ ಮೂವರೂ ಹರಿಹರಕ್ಕೆ ಹೋದರು. ಬಸ್ಸಿನಲ್ಲಿ ಬಸಣ್ಣಿ ಮೊದಲ ಸಲ ನೆಟ್ಟಗೆ ಕೂತಿದ್ದಳು. ಇಳಿದ ಮೇಲೆ ದಾರಿ ಯಾರೂ ಹೇಳಬೇಕಾಗಲಿಲ್ಲ. ಅಪ್ಪನ ಕೈ ಬಿಡಿಸಿಕೊಂಡು ಮುಂದೆ ಮುಂದೆ ನಡೆದಳು. ಬೇಲಿಯ ಸಂದಿಯಲ್ಲಿ ನುಸುಳಿದಳು. ಕೆಂಪು ಪಾತಿ, ಬೂದಿ ಪಾತಿ, ಬಿಳಿ ಪಾತಿ ಎಲ್ಲ ದಾಟಿ, ನೀರಿಗೆ ಹತ್ತಿರದ ಕೊನೆಯ ಪಾತಿಯ ಹತ್ತಿರ ನಿಂತು ಹಿಂತಿರುಗಿ ನೋಡಿದಳು.

"ಬರ್ರಿ," ಎಂದಳು, ಮನೆಯವಳು ನೆಂಟರನ್ನು ಕರೆಯುವಂತೆ. "ಒಳಗೆ ಬರ್ರಿ."

ಪಾತಿಯ ತುಂಬ ಗೇಣುದ್ದದ ನಿಂಬೆ ಸಸಿಗಳಿದ್ದವು. ಎಲ್ಲವೂ ಪೂರ್ವಕ್ಕೆ, ದಾವಣಗೆರೆಯ ಕಡೆಗೆ ವಾಲಿದ್ದವು. ಹುಡುಗಿ ಅವುಗಳ ಸಾಲಿನ ನಡುವೆ ಒಂದು ಸಸಿಯೂ ಮುರಿಯದ ಹಾಗೆ ಮಲಗಿ, ಮೊಣಕಾಲು ಹೊಟ್ಟೆಗೆ ಮಡಚಿಕೊಂಡು ನಿದ್ದೆ ಹೋದಳು. ಗುರುಶಾಂತಮ್ಮ ಬಗ್ಗಿ ಕೆನ್ನೆ ಮುಟ್ಟಿದಳು.

"ಬೆಚ್ಚಗಾಗ್ಯಾಳೆ," ಎಂದಳು.

ಉಡಚಮ್ಮ ನೀರಿನ ಡಬ್ಬಿ ಹಿಡಿದು ಬಂದವಳು ಹುಡುಗಿಯನ್ನು ನೋಡಿದಳು. ತಂಬಾಕು ಅಗಿಯುವುದು ನಿಂತಿತು.

"ಹೆಣ್ಮಕ್ಕಳನ್ನ ಕೇಳಿ ತೆಗೀರಿ ಅಂತ ಹೇಳಿದ್ದೆ, ಸಾವ್ಕಾರ್ರ."

"ಗಡಿಗೆ ಎಲ್ಲೈತೆ?" ಎಂದಳು ಗುರುಶಾಂತಮ್ಮ.

"ಗಾಡಿಯಾಗೇ ಒಡೆದಿತ್ತು ತಾಯಿ. ಬೋಕಿ ಚೂರು ಅಂತ ಪುಡಿಮಾಡಿ ಬೆರೆಸಿದೆ. ಇಂಥಾ ಮಣ್ಣು ನಾ ನೋಡಿರಲಿಲ್ಲ. ಬೀಜ ಹಾಕೋದೇ ತಡ, ಮಾತಾಡಿದಂಗೆ ಏಳ್ತಿದ್ವು."

"ಈಗಲೇ ಅಗೆದು ಕೊಡು. ನಮ್ಮ ಮಣ್ಣು ನಾವು ಒಯ್ತೀವಿ."

"ಕೊಡಲ್ಲ ಅಂದ್ನಾ? ನಿಮ್ಮದೇ. ಆದ್ರೆ ಈ ಸಸಿಗೆ ರಾಣೆಬೆನ್ನೂರಿನ ತಿಪ್ಪೇರುದ್ರಪ್ಪನೋರಿಗೆ ಮಾತು ಕೊಟ್ಟೀನಿ. ಈ ಬಿಸಿಲಾಗೆ ಕಿತ್ರೆ ಒಂದೂ ಉಳಿಯಲ್ಲ. ಆರಿದ್ರ ಮಳೆ ಹದವಾಗಿ ಬೀಳ್ಲಿ, ಮಳೆ ಮುಗಿಯೋ ಹೊತ್ತಿಗೆ ಎಲ್ಲಾ ಕಿತ್ತು ಅವರಿಗೆ ಕಳಿಸ್ತೀನಿ. ಪಾತಿ ಖಾಲಿ ಮಾಡಿ ಕೊಡ್ತೀನಿ, ಒಂದು ಹಿಡಿ ಬಿಡದಂಗೆ ಒಯ್ರಿ."

"ಅಷ್ಟೂ ಸಸಿ ನಾವೇ ಕೊಂಡ್ಕಂತೀವಿ," ಎಂದ ಕರಿಬಸವರಾಜ.

"ರೊಕ್ಕ ತಗಂಡು ತಿಪ್ಪೇರುದ್ರಪ್ಪನೋರಿಗೆ ಏನನ್ಲಿ? ಗುಂಡಿ ತೋಡಿಸಿ ಕಾಯ್ತಾ ಕುಂತಾರೆ. ರೊಕ್ಕ ನೆಡ್ರಿ ಅನ್ಲಾ?"

ಗುರುಶಾಂತಮ್ಮ ಗಂಡನ ಮುಖ ನೋಡಿದಳು. "ಏನ್ರಿ, ಗಿಡ ಸತ್ರೆ ಸಾಯ್ಲಿ. ನೀವು ಸಲಿಕೆ ತಗೊಳ್ರಿ."

ಸಲಿಕೆ ಅಲ್ಲೇ ಬೇಲಿಗೆ ಒರಗಿತ್ತು. ಕರಿಬಸವರಾಜ ಅದನ್ನು ನೋಡಿದ. ಬಾಯಿಮಾತಿನ ಮೇಲೆ ಸಾವಿರ ಅಂಡಿಗೆ ಹತ್ತಿ ಕೈ ಬದಲಿಸುವ ವ್ಯಾಪಾರ ಅವನದು. ಇನ್ನೊಬ್ಬರು ಕೊಟ್ಟ ಮಾತನ್ನು ತಾನು ಮುರಿಸುವುದು ಅವನಿಗೆ ಕಳ್ಳತನಕ್ಕಿಂತ ಹೆಚ್ಚಿನದಾಗಿ ಕಂಡಿತು. ಅಲ್ಲದೆ, ಮಣ್ಣಿಗೂ ಮಗಳಿಗೂ ಸಂಬಂಧವಿದೆ ಅಂತ ಹಾಡುಹಗಲಲ್ಲಿ ಒಪ್ಪಿಕೊಂಡು, ಬದುಕಿದ ಸಸಿಗಳನ್ನು ಕಿತ್ತೆಸೆಯಲು ಅವನಿಗೆ ನಾಚಿಕೆಯೂ ಆಯಿತು.

"ಆರಿದ್ರ ಕಳೀಲಿ," ಎಂದ. "ಇನ್ನೆಷ್ಟು ದಿನ. ಅಂಜಿನಪ್ಪನ ಗಾಡಿ ತಂದು ಒಯ್ಯಾಣ."

ಗುರುಶಾಂತಮ್ಮ ಮಗಳನ್ನು ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡಳು. ಹುಡುಗಿ ನಿದ್ದೆಯಲ್ಲೇ ಪಾತಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ತೋಟದಿಂದ ಹೊರಗೆ ಕಾಲಿಡುವಾಗ ಮುಷ್ಟಿ ಸಡಿಲಿ ಮಣ್ಣು ಬೇಲಿಯ ಮೇಲೆ ಉದುರಿತು. ಬಸ್ಸು ದಾವಣಗೆರೆ ಮುಟ್ಟುವ ಹೊತ್ತಿಗೆ ಅವಳ ಕೈಕಾಲು ಮತ್ತೆ ತಣ್ಣಗಾಗಿದ್ದವು.

ಮೃಗಶಿರ ಸುಮ್ಮನೆ ಕಳೆಯಿತು. ಆರಿದ್ರ ಹಿಡಿಯಿತು. ದಾವಣಗೆರೆಯಲ್ಲಿ ಬಿದ್ದದ್ದು ತುಂತುರು ಮಾತ್ರ. ಬಸಣ್ಣಿ ಈಗ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನೋವು ಇಲ್ಲ, ಜ್ವರ ಇಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ ಹುಬ್ಬು ಗಂಟು ಹಾಕಿದರು. ಎದೆಯೊಳಗೆ ಏನೋ ಹರಿಯುವ ಸದ್ದು ಅಂದರು. ಗುರುಶಾಂತಮ್ಮ ದಿನಾ ಬೆಳಿಗ್ಗೆ ಒಂದೇ ಮಾತು ಕೇಳುತ್ತಿದ್ದಳು: "ಗಾಡಿ ಹೂಡಿಸಿದ್ರಾ?" ಅವನು ದಿನಾ ಒಂದೇ ಉತ್ತರ ಕೊಡುತ್ತಿದ್ದ: "ಇನ್ನು ಸ್ವಲ್ಪ. ಆಕೀಗೂ ಮಾತು ಕೊಟ್ಟೀವಿ."

ಮಳೆ ದಾವಣಗೆರೆಯಲ್ಲಿ ಬೀಳಲಿಲ್ಲ, ಶಿವಮೊಗ್ಗದ ಮೇಲೆ ಬಿತ್ತು. ಒಂದು ಬೆಳಿಗ್ಗೆ ಹಯಾತ್ ಸಾಬ್ ಅಂಗಡಿಯ ಬಾಗಿಲು ತೆಗೆಯುವುದಕ್ಕೆ ಮುಂಚೆಯೇ ಮನೆಗೆ ಬಂದ.

"ಹೊಳೆ ಏರೈತಂತೆ ಸಾವ್ಕಾರ್ರ. ಹರಿಹರದಿಂದ ಬಂದ ಲಾರಿಯೋರು ಹೇಳಿದ್ರು. ದಂಡೆ ಬಿಟ್ಟು ಹೋಗ್ರಿ ಅಂತ ಡಂಗುರ ಹೊಡಿಸ್ಯಾರಂತೆ."

ಕರಿಬಸವರಾಜ ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಓಡಿದ. ಎತ್ತಿನ ಗಾಡಿಗೆ ಹೊತ್ತಿರಲಿಲ್ಲ. ಅಂಜಿನಪ್ಪ ಖಾಲಿ ಗೋಣಿಚೀಲ ಹೊತ್ತು ಬಂದ, ಇಬ್ಬರೂ ಹರಿಹರಕ್ಕೆ ಹೊರಟ ಒಂದು ಲಾರಿಯಲ್ಲಿ ನಿಂತುಕೊಂಡು ಹೋದರು.

ಸೇತುವೆಯ ಮೇಲೆ ಜನ ನೆರೆದಿದ್ದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ತೋರಿಸುತ್ತಿದ್ದರು. ಹೊಳೆ ಕೆಂಪಗೆ, ಬಾಗಿಲಿನಷ್ಟಗಲದ ಸುಳಿಗಳನ್ನು ತಿರುಗಿಸುತ್ತ, ಮರ ಕೊಟ್ಟಿಗೆ ಎಲ್ಲ ಹೊತ್ತು ಬರುತ್ತಿತ್ತು. ಉಡಚಮ್ಮನ ಬೇಲಿ ಆಗಲೇ ಹೋಗಿತ್ತು. ಗುಡಿಸಲ ಚಾವಣಿ ಓರೆಯಾಗಿ ತೇಲಿ ಕಮಾನಿಗೆ ಬಡಿಯಿತು. ಅವಳು ಮೇಲಿನ ದಿಬ್ಬದ ಮೇಲೆ, ಎರಡು ಡಬ್ಬಿ ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು.

"ನಾಳೆ ಕೀಳೋದಿತ್ತು," ಎಂದಳು ಅವನನ್ನು ನೋಡಿ. "ನಾಳೆ."

ಮೇಲಿನ ಕೆಲವು ಪಾತಿಗಳು ಇನ್ನೂ ಕಾಣುತ್ತಿದ್ದವು. ನೀರು ಅವಸರವಿಲ್ಲದೆ ಒಂದೊಂದನ್ನೇ ನೆಕ್ಕಿ ತೆಗೆಯುತ್ತಿತ್ತು. ಬಿಳಿಯದು ಕರಗಿ ಹೋಯಿತು. ಬೂದಿ ಬಣ್ಣದ್ದು ಹೋಯಿತು. ನೀರಿಗೆ ಹತ್ತಿರದ ಕೊನೆಯ ಪಾತಿ ಇದ್ದ ಕಡೆ, ಅಷ್ಟರಲ್ಲೇ ಎದೆಯೆತ್ತರ ಬೆಳೆದಿದ್ದ ನಿಂಬೆ ಸಸಿಗಳ ತಲೆಗಳು ಮಾತ್ರ ಮೇಲಿದ್ದವು, ಇನ್ನೂ ಪೂರ್ವಕ್ಕೆ ವಾಲಿಕೊಂಡು, ಹರಿವಿಗೆ ಎದುರಾಗಿ. ಕರಿಬಸವರಾಜ ಚೀಲ ಕಸಿದುಕೊಂಡು ಇಳಿದ. ಸೊಂಟದವರೆಗೆ ನೀರು ಬಂದಾಗ ಅಂಜಿನಪ್ಪ ಹಿಂದಿನಿಂದ ಅವನ ಪಂಚೆಯ ಕಚ್ಚೆ ಹಿಡಿದುಕೊಂಡ.

"ಬ್ಯಾಡ್ರಿ ಸಾವ್ಕಾರ್ರ. ತಳ ಇಲ್ಲ."

ಬಗ್ಗಿ ಕೈಗೆ ಸಿಕ್ಕಷ್ಟು ಕೆಸರು ಚೀಲಕ್ಕೆ ಹಾಕಿದ. ಯಾರ ಮನೆಯದೋ ಗೊತ್ತಾಗುವಂತಿರಲಿಲ್ಲ. ತಲೆ ಎತ್ತಿದಾಗ ಸಸಿಗಳು ಇರಲಿಲ್ಲ. ಅವು ಇದ್ದ ಕಡೆಯಿಂದ ಒಂದು ಕಪ್ಪು ಗೆರೆ ಕೆಂಪು ನೀರಿನಲ್ಲಿ ಬೆರೆಯದೆ, ದಾರದಂತೆ ಉದ್ದವಾಗುತ್ತ, ಸೇತುವೆಯ ಕಮಾನಿನ ಕೆಳಗೆ ನುಗ್ಗಿತು. ಸೂರ್ಯ ಮೋಡದ ಹಿಂದೆ ನೆತ್ತಿಗೆ ಬಂದಿದ್ದ. ಆಮೇಲೆ ಎಲ್ಲ ನೀರೂ ಒಂದೇ ಬಣ್ಣವಾಯಿತು.

ಮನೆಗೆ ಬಂದಾಗ ಜಗಲಿಯ ಮೇಲೆ ಚಪ್ಪಲಿಗಳಿದ್ದವು. ಅಕ್ಕಪಕ್ಕದ ಹೆಂಗಸರು ಬಾಗಿಲು ಬಿಟ್ಟು ಸರಿದರು. ಪಡಸಾಲೆಯಲ್ಲಿ ಬಸಣ್ಣಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಕೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಹಾಸಿಗೆ, ದಿಂಬು, ಮೈಮೇಲಿನ ಲಂಗ ಎಲ್ಲ ಒಣಗಿದ್ದವು.

"ಯಾವಾಗ?" ಎಂದು ಕೇಳಿದ.

"ಮಧ್ಯಾಹ್ನ," ಎಂದಳು ಗುರುಶಾಂತಮ್ಮ. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಬಾಗ್ಲು ಹಾಕ್ರಿ, ನೀರು ಬರ್ತೈತೆ ಅಂದ್ಲು. ಹಾಕಿದೆ."

ಬಾಗಿಲಲ್ಲಿ ಅಂಜಿನಪ್ಪ ಚೀಲ ಹೊತ್ತು ನಿಂತಿದ್ದ. ಅದರಿಂದ ಕೆಸರು ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು. ಇದನ್ನು ಎಲ್ಲಿ ಇಡಲಿ ಅಂತ ಕೇಳಿದ.

ಎದೆಯಲ್ಲಿ ನೀರು ತುಂಬಿ ಅಂತ ಡಾಕ್ಟರು ಹೇಳಿದರು. ಬಾತಿ ರಸ್ತೆಯ ಹೊಲದಲ್ಲಿ, ಅಜ್ಜಿಯ ಪಕ್ಕ, ಮಣ್ಣು ಮಾಡಿದರು.

ಆ ಹೊಳೆಯಲ್ಲಿ ಹರಿಹರದ ದಂಡೆಯಿಂದ ಹೋದದ್ದು ಒಂದು ಗುಡಿಸಲು, ಒಂದು ಹಸು, ಹನ್ನೊಂದು ಪಾತಿ, ಮುನ್ನೂರು ನಿಂಬೆ ಸಸಿ. ದಾವಣಗೆರೆಯಿಂದ ಹೋದದ್ದು ಒಂದು ಮಗು.